ಶಾಸನದ ಫೋಟೋಗಳಿಗೆ ಹೆಸರಿಡುವುದು

ಶಾಸನದ ಫೋಟೋಗೆ ಓರೆ ಬೆಳಕು ಬೇಕು, ಪಕ್ಕದಲ್ಲಿ ಅಳತೆಪಟ್ಟಿ ಬೇಕು ಅಂತೆಲ್ಲ ಮಾತಾಡ್ತೇವೆ. ಮನೆಗೆ ಬಂದ ಮೇಲೆ ಆ ಫೈಲುಗಳಿಗೆ ಇಡುವ ಹೆಸರಿನ ಬಗ್ಗೆ ಮಾತ್ರ ಅಷ್ಟು ಕಾಳಜಿ ಇಲ್ಲ. ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಹಾಗಾಗಿ ಬೇರೆ ಬೇರೆ ಊರಿನ ಎರಡು ಕಲ್ಲುಗಳಿಗೆ ಒಂದೇ ಹೆಸರು ಬೀಳಬಹುದು.

ನಾನು ಬಳಸುವುದು ಲಿನಕ್ಸಿನ ಥುನಾರ್ ಫೈಲ್ ಮ್ಯಾನೇಜರ್. ಮೊದಲು ಮೂಲ ಫೋಟೋಗಳ ಒಂದು ಪ್ರತಿ ಬೇರೆಡೆ ಇಟ್ಟುಬಿಡಿ. ಆಮೇಲೆ ಒಂದು ಕಲ್ಲಿನ ಫೋಟೋಗಳನ್ನಷ್ಟೇ ಆಯ್ದು ಎಫ್2 ಒತ್ತಿದರೆ ಎಲ್ಲವನ್ನೂ ಒಟ್ಟಿಗೆ ಮರುನಾಮಕರಣ ಮಾಡುವ ಕಿಟಕಿ ತೆರೆಯುತ್ತದೆ. ಹಳೆ ಹೆಸರು, ಹೊಸ ಹೆಸರು ಅಕ್ಕಪಕ್ಕ ಕಾಣುತ್ತವೆ. ಕೊನೆಯ ಗುಂಡಿ ಒತ್ತುವ ತನಕ ಏನೂ ಬದಲಾಗುವುದಿಲ್ಲ. ಬದಲಾವಣೆ 'ಹೆಸರಿಗೆ ಮಾತ್ರ' ಅಂತ ಇರಲಿ, ಇಲ್ಲಾಂದ್ರೆ ಕೊನೆಯ ಜೆಪಿಜಿಯೂ ಕೆಡಬಹುದು.

ಮೊದಲ ಸುತ್ತಿನಲ್ಲಿ ದಿನಾಂಕ ಸೇರಿಸುವ ಆಯ್ಕೆ. ಇಲ್ಲಿ 'ಚಿತ್ರ ತೆಗೆದ ದಿನ' ಅನ್ನುವುದನ್ನೇ ಆರಿಸಿ. 'ಬದಲಾದ ದಿನ'ವನ್ನು ನಂಬುವ ಹಾಗಿಲ್ಲ, ಅಂಚು ಕತ್ತರಿಸಿ ಉಳಿಸಿದರೂ ಅದು ಬದಲಾಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದದ್ದರಲ್ಲಿ ತೆಗೆದ ದಿನವೇ ಅಳಿಸಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಬೇಕು. ದಿನಾಂಕ 20240114 ಹೀಗೆ, ವರ್ಷ ಮೊದಲು ಬರಲಿ. ಆಗ ಸಾಲು ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ.

ಎರಡನೇ ಸುತ್ತಿನಲ್ಲಿ ಎಡತುದಿಗೆ ಪಠ್ಯ ಸೇರಿಸುವುದು: ಊರು, ಆಮೇಲೆ ಶಾಸನದ ಸಂಖ್ಯೆ. 'ಎ.ಕ. 9' ಅಂತ ಬರೆದರೆ ಸಾಲದು ನೋಡಿ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ರೈಸ್ ಅವರ ಹಳೆಯ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, ಪರಿಷ್ಕೃತ ಮುದ್ರಣದ 9ನೆಯದು ಬೇಲೂರು ತಾಲೂಕಿನದು. ಆದ್ದರಿಂದ 'ಎಕಹಳೆ9', 'ಎಕಹೊಸ9' ಅಂತ ಬಿಡಿಸಿಯೇ ಬರೆಯುತ್ತೇನೆ. ಅಚ್ಚಾಗದ ಕಲ್ಲಾದರೆ ಸಂಖ್ಯೆಯ ಜಾಗದಲ್ಲಿ 'ಅಪ್ರಕಟಿತ'. ಕ್ಯಾಮೆರಾ ಕೊಟ್ಟ ಹೆಸರನ್ನು ಅಳಿಸುವುದಿಲ್ಲ, ಅದು ಬಾಲದಲ್ಲಿ ಹಾಗೇ ಇರುತ್ತದೆ. ಮೂಲ ಪ್ರತಿಗೆ ವಾಪಸು ಹೋಗಲು ಅದೊಂದೇ ದಾರಿ.

ಅರಸನ ಹೆಸರು, ಶತಮಾನ ಇವನ್ನು ಫೈಲಿನ ಹೆಸರಿಗೆ ಸೇರಿಸಲೇಬೇಡಿ. ಅವು ನಮ್ಮ ಓದು, ಕಲ್ಲಿನ ಗುರುತಲ್ಲ. ಸವೆದ ಒಂದಕ್ಷರವನ್ನು ನಾಳೆ ಇನ್ನೊಬ್ಬರು ಬೇರೆ ಥರ ಓದಿದರೆ ಅರಸನೇ ಬದಲಾಗಬಹುದು. ಅಷ್ಟರಲ್ಲಿ ಹಳೆ ಹೆಸರು ಹೊತ್ತ ಫೋಟೋ ಹತ್ತು ಜನರ ಫೋನು ಸೇರಿ, ಅದೇ ಆಧಾರ ಅಂತ ಆಗಿಬಿಟ್ಟಿರುತ್ತದೆ. ಓದನ್ನು, ಓದಿದವರ ಹೆಸರು ಮತ್ತು ತಾರೀಕಿನ ಜೊತೆ, ಅದೇ ಫೋಲ್ಡರಿನ ಬೇರೆ ಟಿಪ್ಪಣಿ ಫೈಲಿನಲ್ಲಿ ಬರೆದಿಡುತ್ತೇನೆ.