ಆನ್‌ಲೈನ್ ಬೋಧನೆಗೆ ಅಧ್ಯಾಪಕರ ಸಿದ್ಧತೆ

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಬಹುತೇಕ ಅಧ್ಯಾಪಕರು ತರಬೇತಿಯಿಲ್ಲದೆಯೇ ಪರದೆಯ ಮುಂದೆ ಕುಳಿತರು. ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಮೊಬೈಲಿಗೆ ವರ್ಗಾಯಿಸಿದರೆ ಅದು ಬೋಧನೆಯಾಗದು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯು ದೃಶ್ಯಪಾಠದೊಡನೆ ಓದುಸಾಮಗ್ರಿ, ಸ್ವಯಂಪರೀಕ್ಷೆ, ಚರ್ಚೆ ಇವುಗಳನ್ನೂ ಒಳಗೊಂಡಿದೆ. ಇವುಗಳಲ್ಲಿ ಚರ್ಚೆಯೇ ಕಠಿಣವೆಂದು ನಾವು ಭಾವಿಸುತ್ತೇವೆ. ತರಗತಿಯಲ್ಲಿ ಪಾಠ ಅರ್ಥವಾಗದಿದ್ದರೆ ವಿದ್ಯಾರ್ಥಿಯ ಮುಖವೇ ಹೇಳುತ್ತದೆ. ಕ್ಯಾಮೆರಾ ಮುಚ್ಚಿದ ಪರದೆ ಏನನ್ನೂ ಹೇಳದು. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ನಿಂತು ಪ್ರಶ್ನಿಸುವುದನ್ನು, ಮೌನವಾಗಿರುವವರನ್ನು ಹೆಸರು ಹಿಡಿದು ಮಾತಿಗೆಳೆಯುವುದನ್ನು ಅಧ್ಯಾಪಕರು ರೂಢಿಸಿಕೊಳ್ಳಬೇಕು. ಅನುಭವ ಮಂಟಪದ ಪರಂಪರೆಯವರಾದ ನಮಗೆ ಸಂವಾದವೇನೂ ಹೊಸದಲ್ಲ. ಇನ್ನು ಜ್ಞಾನದಾಸೋಹದ ಪಂಕ್ತಿಯ ಕೊನೆಯಲ್ಲಿ, ಸಂಪರ್ಕ ದುರ್ಬಲವಾದ ಹಳ್ಳಿಗಳಲ್ಲಿ ಕುಳಿತ ಮಕ್ಕಳಿಗೆ ಕಡಿಮೆ ಡೇಟಾ ಸಾಕಾಗುವ ಧ್ವನಿಪಾಠ, ಟಿಪ್ಪಣಿಗಳನ್ನು ತರಗತಿಗೆ ಮೊದಲೇ ತಲುಪಿಸಬೇಕು.