ಎಂಜಿನ್ನಿನೊಳಗೆ ನೀರು

ಹಳೆಯ ಮೋಟಾರು ದೋಣಿಯನ್ನು ಕೊಳ್ಳುವವನು ಅದರ ಬಣ್ಣಕ್ಕೆ ಮರುಳಾಗದೆ ಮೊದಲು ಎಣ್ಣೆಯ ಅಳತೆಕಡ್ಡಿಯನ್ನು ಹೊರಗೆಳೆದು ನೋಡಬೇಕು. ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆಯೆಂದು ಅರ್ಥ. ಎಣ್ಣೆಯೂ ನೀರೂ ತಾವಾಗಿ ಬೆರೆಯವು. ಆದರೆ ತಿರುಗುವ ಕ್ರ್ಯಾಂಕ್ ದಂಡದ ಕಡೆತಕ್ಕೆ ಸಿಕ್ಕಿದ ನೀರು ಸೂಕ್ಷ್ಮ ಹನಿಗಳಾಗಿ ಒಡೆದು ಎಣ್ಣೆಯಲ್ಲೆಲ್ಲ ಹರಡುತ್ತದೆ. ಈ ಹನಿಗಳು ಬೆಳಕನ್ನು ಚದರಿಸುವುದರಿಂದಲೇ ಆ ಬಿಳುಪು. ಕಡ್ಡಿ ಶುಭ್ರವಾಗಿದ್ದರೂ ನಂಬುವಂತಿಲ್ಲ: ಬಹುಕಾಲ ನಿಂತ ಎಂಜಿನ್ನಿನಲ್ಲಿ ಭಾರವಾದ ನೀರು ಎಣ್ಣೆತೊಟ್ಟಿಯ ತಳಕ್ಕೆ ಇಳಿದಿರುತ್ತದೆ. ತಳದಿಂದ ತೆಗೆದ ಒಂದು ತೊಟ್ಟನ್ನು ಸುಮಾರು 150 ಡಿಗ್ರಿ ಸೆಂಟಿಗ್ರೇಡಿಗೆ ಕಾದ ತಗಡಿನ ಮೇಲೆ ಬಿಟ್ಟರೆ, ನೀರಿದ್ದಲ್ಲಿ ಅದು ಒಗ್ಗರಣೆಯಂತೆ ಚಟಪಟಗುಟ್ಟುತ್ತದೆ. ಕಣ್ಣಿಗೆ ಸಿಡಿಯದಂತೆ ಎಚ್ಚರ!

ಇದಕ್ಕಿಂತ ಭಯಂಕರವಾದುದು ಸಿಲಿಂಡರಿನೊಳಗಿನ ನೀರು. ಅದು ಗಾಳಿಯಂತೆ ಕುಗ್ಗದು. ಮೇಲೇರುವ ಪಿಸ್ಟನ್ ಅದಕ್ಕೆ ಬಡಿದರೆ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಆದುದರಿಂದ ಸಂಶಯವಿದ್ದಾಗ ಸ್ಟಾರ್ಟರನ್ನು ಮುಟ್ಟದೆ, ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು; ನೀರಿದ್ದರೆ ರಂಧ್ರದಿಂದ ಹೊರಚಿಮ್ಮುತ್ತದೆ.

ಅದು ಬಂದುದೆಲ್ಲಿಂದ? ಸಮುದ್ರದಲ್ಲಿ ಓಡುವ ಅನೇಕ ದೋಣಿಗಳಲ್ಲಿ, ಹೊಗೆ ಹೊರಹೋಗುವ ಎರಕದ ಕೊಳವೆಯನ್ನು ತಣಿಸಲು ಅದರ ಸುತ್ತ ಕಡಲ ನೀರನ್ನೇ ಹರಿಸುತ್ತಾರೆ. ಉಪ್ಪುನೀರು ಆ ಕಬ್ಬಿಣವನ್ನು ತಿಂದು ತೂತು ಮಾಡಿದರೆ, ತೆರೆದ ಕವಾಟದ ಮೂಲಕ ಸಿಲಿಂಡರಿಗೆ ಹನಿಯುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕಡಿಮೆಯಿದ್ದರೆ ಸಂಶಯ ಹೆಡ್ ಗ್ಯಾಸ್ಕೆಟ್ಟಿನ ಮೇಲೆ. ಚಿಮ್ಮಿದ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಸಿದಾಗ ಮೊಸರಿನಂಥ ದಟ್ಟವಾದ ಬಿಳಿ ಪ್ರಕ್ಷೇಪ ಕಂಡರೆ ಅದು ಕಡಲ ನೀರೆಂದು ತಿಳಿಯಬಹುದು. ನಾಲಗೆಯಿಂದ ರುಚಿ ನೋಡುವ ಕ್ರಮ ಸಲ್ಲದು. ಕೆಲವು ಎಂಜಿನ್ನುಗಳ ತಣಿಸುವ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದರೂ ವಿಷ.