ಮರಳಿ ಮರಳಿ ಬರುವ ಟಾನ್ಸಿಲ್ ಬೇನೆ

ಮಗುವಿಗೆ ಟಾನ್ಸಿಲ್ ಊದಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಉಪ್ಪುನೀರು ಮುಕ್ಕಳಿಸುವುದು, ಆಮೇಲೆ ಮೆಣಸಿನ ಕಷಾಯ. ಅದಕ್ಕೂ ಬಗ್ಗದಿದ್ದರೆ ಬೀದಿಯ ಔಷಧದಂಗಡಿಗೆ ಹೋಗಿ, ಹಿಂದಿನ ಸಲದ ಮಾತ್ರೆಯ ಹೆಸರು ಹೇಳಿ ನಾಲ್ಕು ತರುವವರುಂಟು. ಎರಡು ದಿನದಲ್ಲಿ ಜ್ವರ ಇಳಿಯುತ್ತದೆ; ಉಳಿದ ಮಾತ್ರೆಗಳು ಡಬ್ಬಿ ಸೇರುತ್ತವೆ. ತಿಂಗಳೊಪ್ಪತ್ತಿನಲ್ಲಿ ಗಂಟಲು ಮತ್ತೆ ಕೆಂಪಗೆ! ಆಗ ಬೈಗುಳವೆಲ್ಲ ಮಾತ್ರೆಗೆ.

ಬಹುಪಾಲು ಗಂಟಲುನೋವು ವೈರಸ್ಸಿನದು. ಅದಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟದು. ಬ್ಯಾಕ್ಟೀರಿಯಾಗಳ ಪೈಕಿ ಮುಖ್ಯವಾದುದು ಸ್ಟ್ರೆಪ್ಟೋಕಾಕಸ್ ಪಯೋಜೆನೀಸ್. ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಕಾಣುತ್ತದೆ. ಸೋಜಿಗವೆಂದರೆ, ಪೆನ್ಸಿಲಿನ್ ಬಳಕೆಗೆ ಬಂದು 80 ವರ್ಷ ಕಳೆದರೂ ಇದು ಇನ್ನೂ ಅದಕ್ಕೆ ಮಣಿಯುತ್ತದೆ. ಹಾಗಿದ್ದೂ ಬೇನೆ ಮರುಕಳಿಸುವುದೇಕೆ?

ಕಿರುನಾಲಿಗೆಯ ಇಬ್ಬದಿಗಳಲ್ಲಿರುವ ಈ ಗಡ್ಡೆಗಳು ನುಣುಪಾದವಲ್ಲ. ಒಳಕ್ಕಿಳಿದ ಸಂದುಗೊಂದುಗಳು ಅವುಗಳಲ್ಲಿ ಹಲವಾರಿವೆ. ಬೇನೆ ಹಳತಾದಾಗ ಬ್ಯಾಕ್ಟೀರಿಯಾಗಳು ಆ ಸಂದುಗಳಲ್ಲಿ ಗುಂಪುಗೂಡಿ, ತಾವೇ ಒಸರಿಸಿದ ಅಂಟಿನ ಹೊದಿಕೆಯಡಿ ಬಾಳತೊಡಗುತ್ತವೆ. ಕಲ್ಯಾಣಿಯ ಮೆಟ್ಟಿಲಿಗೆ ಹತ್ತಿದ ಲೋಳೆಯನ್ನು ನೆನೆದುಕೊಳ್ಳಿ. ಶಸ್ತ್ರಕ್ರಿಯೆಯಿಂದ ತೆಗೆದ ಟಾನ್ಸಿಲುಗಳಲ್ಲಿ ಇಂಥ ಪದರಗಳನ್ನು ಕಂಡುದಾಗಿ 2003ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಆ ಹೊದಿಕೆಯೊಳಕ್ಕೆ ಔಷಧ ಇಳಿಯುವುದೇ ಕಷ್ಟ. ಇಳಿದರೂ, ಪೆನ್ಸಿಲಿನ್ ಕೊಲ್ಲುವುದು ಬೆಳೆಯುತ್ತ ಮೈಗೋಡೆ ಕಟ್ಟಿಕೊಳ್ಳುವ ಬ್ಯಾಕ್ಟೀರಿಯಾಗಳನ್ನು. ಅರೆನಿದ್ದೆಯಲ್ಲಿ ಬಿದ್ದಿರುವವಕ್ಕೆ ಅದರ ಏಟು ಅಷ್ಟಾಗಿ ತಾಗದು.

ನೆರೆಹೊರೆಯ ಪ್ರಭಾವವೂ ಉಂಟು. ಅದೇ ಸಂದುಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬುದೂ ಬೀಡುಬಿಟ್ಟಿರುವುದು ಸಾಮಾನ್ಯ. ಇದರ ಬಹಳಷ್ಟು ತಳಿಗಳು ಪೆನ್ಸಿಲಿನ್ನನ್ನು ಒಡೆದುಹಾಕುವ ಕಿಣ್ವವನ್ನು ಹೊರಬಿಡುತ್ತವೆ. ಒಬ್ಬರ ಕೊಡೆಯಡಿ ಇಬ್ಬರು ಮಳೆ ತಪ್ಪಿಸಿಕೊಂಡಂತೆ, ಆ ಕಿಣ್ವದ ಮರೆಯಲ್ಲಿ ಸ್ಟ್ರೆಪ್ಟೋಕಾಕಸ್ಸೂ ಬದುಕಿಕೊಳ್ಳಬಲ್ಲದು. ಅಮಾಕ್ಸಿಸಿಲಿನ್ನಿಗೆ ಕ್ಲಾವುಲಾನಿಕ್ ಆಮ್ಲವನ್ನು ಜೊತೆಮಾಡಿದುದು ಈ ಕಿಣ್ವವನ್ನು ಕಟ್ಟಿಹಾಕಲೆಂದೇ. ಇನ್ನೊಂದು ತೊಡಕು: ಹತ್ತಿಯ ಕಡ್ಡಿಯಿಂದ ಮೇಲ್ಮೈಯನ್ನು ಒರಸಿ ಪರೀಕ್ಷಿಸಿದಾಗ ಒಡಲಲ್ಲಿ ಅಡಗಿದುದು ಸಿಕ್ಕೇ ಸಿಗುವುದೆಂಬ ಭರವಸೆಯಿಲ್ಲ.

ಸ್ಟ್ರೆಪ್ಟೋಕಾಕಸ್ಸೆಂದು ಖಚಿತವಾದರೆ ವೈದ್ಯರು ಪೆನ್ಸಿಲಿನ್ನನ್ನು ಪೂರ್ತಿ 10 ದಿನ ಕೊಡಹೇಳುವುದು ಬರಿಯ ಜ್ವರಕ್ಕಾಗಿ ಅಲ್ಲ. ಚಿಕಿತ್ಸೆ ಸರಿಯಾಗಿ ಆಗದಿದ್ದರೆ, ಗಂಟಲು ವಾಸಿಯಾದ ಎರಡು ಮೂರು ವಾರಗಳ ಮೇಲೆ ಕೆಲವು ಮಕ್ಕಳಿಗೆ ಕೀಲುಗಳು ಊದಿ ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲು ಗುಣವಾಗುತ್ತದೆ, ಹೃದಯದ ಕವಾಟಕ್ಕೆ ಆದ ಕೇಡು ಜನ್ಮಪೂರ್ತಿ ಉಳಿಯಬಹುದು. 5ರಿಂದ 15 ವಯಸ್ಸಿನವರಲ್ಲಿ ಇದರ ಭಯ ಹೆಚ್ಚು. ಡಬ್ಬಿಯಲ್ಲಿ ಉಳಿದ ಮಾತ್ರೆಗಳು ನಮಗೆ ಕಳವಳ ತರುವುದು ಈ ಕಾರಣಕ್ಕೆ.

ಶಸ್ತ್ರಕ್ರಿಯೆಯೆಂದರೆ ಅಜ್ಜಿಯರು ಬೆದರುತ್ತಾರೆ, ಸಹಜವೇ. ಒಂದು ವರ್ಷದಲ್ಲಿ 7 ಸಲ, ಇಲ್ಲವೆ ಎರಡು ವರ್ಷ ತಲಾ 5 ಸಲ, ಇಲ್ಲವೆ ಮೂರು ವರ್ಷ ತಲಾ 3 ಸಲ ಬಲವಾದ ಬೇನೆ ಬಂದಿದ್ದರೆ ಮಾತ್ರ ವೈದ್ಯರು ಸಾಮಾನ್ಯವಾಗಿ ಅದನ್ನು ಆಲೋಚಿಸುವರು. ವರ್ಗವಾದಂತೆಲ್ಲ ಊರೂ ಡಾಕ್ಟರೂ ಬದಲಾಗುವ ನಮ್ಮ ಸಂಸಾರಗಳಲ್ಲಿ ಈ ಲೆಕ್ಕ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಬೇನೆ ಬಂದ ತಾರೀಖು, ಜ್ವರದ ಪ್ರಮಾಣ, ಕೊಟ್ಟ ಔಷಧ, ಎಷ್ಟು ದಿನ ಎಂಬಿಷ್ಟನ್ನು ಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟರೆ, ಹೊಸ ಊರಿನ ವೈದ್ಯರು ಮೊದಲು ಕೇಳುವುದೂ ಅದನ್ನೇ.